ಸೇಂಟ್ ಮೋರಿಟ್ಸ್: ಮೇ ತಿಂಗಳಿಗಿಂತ ದಸರಾ ರಜೆಯೇ ಸೂಕ್ತ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ಕನ್ನಡ ಪತ್ರಿಕೆಗಳಲ್ಲಿ ಸ್ವಿಟ್ಜರ್ಲೆಂಡ್ ಪ್ರವಾಸದ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಸೇಂಟ್ ಮೋರಿಟ್ಸ್ ಪಟ್ಟಣದ ಹೆಸರಿನಡಿ ಹೆಪ್ಪುಗಟ್ಟಿದ ಸರೋವರದ ಮೇಲೆ ಓಡುವ ಕುದುರೆಗಳ ಚಿತ್ರವೋ ನೀಲಿ ನೀರಿನ ಸುತ್ತ ಹೊಂಬಣ್ಣಕ್ಕೆ ತಿರುಗಿದ ಮರಗಳ ಚಿತ್ರವೋ ಇರುತ್ತದೆ. ಪ್ರವಾಸದ ದಿನಾಂಕ ಮಾತ್ರ ಮೇ ತಿಂಗಳದು. ಈ ಎರಡು ನೋಟಗಳಲ್ಲಿ ಒಂದೂ ಮೇ ತಿಂಗಳಲ್ಲಿ ಅಲ್ಲಿ ಸಿಗುವುದಿಲ್ಲ. ಜ್ಯೂರಿಕ್‌ನಲ್ಲಿ ನೆಲೆಸಿ, ಆ ಊರನ್ನು ಎಲ್ಲ ಋತುಗಳಲ್ಲಿಯೂ ಕಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಸಮುದ್ರಮಟ್ಟದಿಂದ 1,822 ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟು ಎತ್ತರದಲ್ಲಿರುವ ಈ ಊರಿಗೆ ಮೊದಲು ಜನ ಬರುತ್ತಿದ್ದುದು ಬೇಸಿಗೆಯಲ್ಲಿ, ಅಲ್ಲಿನ ಖನಿಜಯುಕ್ತ ಚಿಲುಮೆಗಳಿಗಾಗಿ. ಚಳಿಗಾಲದಲ್ಲೂ ಇಲ್ಲಿ ಬಿಸಿಲು ಹಿತವಾಗಿರುತ್ತದೆ, ಹಾಗಿಲ್ಲದಿದ್ದರೆ ಪ್ರಯಾಣದ ಖರ್ಚು ತನ್ನದು ಎಂದು ಹೋಟೆಲ್ ಮಾಲೀಕ ಯೋಹಾನೆಸ್ ಬಾದ್ರುಟ್ 1864ರಲ್ಲಿ ಇಂಗ್ಲಿಷ್ ಅತಿಥಿಗಳೊಡನೆ ಪಂಥ ಕಟ್ಟಿದ ಮೇಲೆ ಚಳಿಗಾಲದ ಪ್ರವಾಸ ಆರಂಭವಾಯಿತೆಂದು ಅಲ್ಲಿನವರು ಹೇಳುತ್ತಾರೆ. 1928 ಮತ್ತು 1948ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದೂ ಇಲ್ಲಿಯೇ. ಸರೋವರದ ಮಂಜುಗಡ್ಡೆಯ ಮೇಲಿನ ಕುದುರೆ ಪಂದ್ಯಗಳು 1907ರಿಂದ ನಡೆದುಬಂದಿವೆ. ಅವುಗಳನ್ನು ನೋಡಬೇಕೆಂದರೆ ಫೆಬ್ರುವರಿಯಲ್ಲೇ ಹೋಗಬೇಕು.

ಏಪ್ರಿಲ್ ಮುಗಿಯುವ ಹೊತ್ತಿಗೆ ಚಳಿಗಾಲದ ಹಂಗಾಮು ಮುಗಿದಿರುತ್ತದೆ, ಬೇಸಿಗೆಯದು ಜೂನ್‌ವರೆಗೆ ತೊಡಗುವುದಿಲ್ಲ. ಈ ನಡುವೆ ಸರೋವರದ ಮಂಜುಗಡ್ಡೆ ಒಡೆದು ಕರಗುತ್ತಿರುತ್ತದೆ, ಕಾಲುದಾರಿಗಳು ಕೆಸರಾಗಿರುತ್ತವೆ, ದೊಡ್ಡ ಹೋಟೆಲುಗಳು ಬಾಗಿಲು ಹಾಕಿರುತ್ತವೆ, ಬಹುತೇಕ ಕೇಬಲ್ ಕಾರುಗಳು ದುರಸ್ತಿಗೆಂದು ನಿಂತಿರುತ್ತವೆ. ಊರಿನಿಂದ ಬಂದ ಹಿರಿಯರು ಮುಚ್ಚಿದ ಅಂಗಡಿಗಳ ಬೀದಿಯಲ್ಲಿ ಏನು ನೋಡಬೇಕೆಂದು ತೋಚದೆ ನಿಂತಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಮೇ ತಿಂಗಳಲ್ಲೇ ಬರಬೇಕಾದವರಿಗೆ ವರ್ಷವಿಡೀ ಓಡುವ ಬರ್ನಿನಾ ರೈಲು ಇದೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ಮಾರ್ಗ 2,253 ಮೀಟರ್ ಎತ್ತರದ ಕಣಿವೆದಾರಿಯನ್ನು ದಾಟುವಲ್ಲಿ ಆಗಲೂ ಹಿಮ ಕಾಣಸಿಗುತ್ತದೆ.

ಆದರೆ ನಮ್ಮ ಮಕ್ಕಳಿಗೆ ದಸರಾ ರಜೆಯೂ ಇದೆಯಲ್ಲ! ಅಕ್ಟೋಬರ್‌ನಲ್ಲಿ ಇಲ್ಲಿನ ಲಾರ್ಚ್ ಮರಗಳು ಬಂಗಾರದ ಬಣ್ಣ ತಳೆಯುತ್ತವೆ. ಪೈನ್ ಜಾತಿಯವಾದರೂ ಚಳಿಗಾಲಕ್ಕೆ ಮುನ್ನ ಎಲೆಯುದುರಿಸುವ ಮರಗಳಿವು. ಮುವೊಟಾಸ್ ಮುರಾಲ್ ಬೆಟ್ಟಕ್ಕೆ ಹಗ್ಗದ ರೈಲಿನಲ್ಲಿ ಏರಿದರೆ ಸಿಲ್ಸ್‌ವರೆಗಿನ ಸರೋವರಗಳ ಸಾಲು ಕಣ್ಣಿಗೆ ಬೀಳುತ್ತದೆ. ಸೇಂಟ್ ಮೋರಿಟ್ಸ್ ಸರೋವರದ ಸುತ್ತಲಿನ ದಾರಿ ಬಹುತೇಕ ಸಮತಟ್ಟಾಗಿರುವುದರಿಂದ ಅಜ್ಜ–ಅಜ್ಜಿಯರೂ ನಿಧಾನವಾಗಿ ಒಂದು ಸುತ್ತು ಹಾಕಬಹುದು. ರಾತ್ರಿ ಮಾತ್ರ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುತ್ತದಾದ್ದರಿಂದ ಸ್ವೆಟರ್ ಮರೆಯಬಾರದು. ನವೆಂಬರ್ ಹತ್ತಿರವಾದಂತೆ ಊರು ಮತ್ತೆ ಮುಚ್ಚತೊಡಗುತ್ತದೆ, ಅಷ್ಟು ತಡ ಮಾಡುವುದು ಬೇಡ.

ಸ್ವಿಟ್ಜರ್ಲೆಂಡ್ ಪ್ರವೇಶಕ್ಕೆ ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಸಲ್ಲಿಸಬಹುದಾದ ಕಾರಣ ದಸರಾ ಪ್ರವಾಸದ ಸಿದ್ಧತೆಯನ್ನು ಬೇಸಿಗೆ ರಜೆಯಲ್ಲೇ ಆರಂಭಿಸಬಹುದು. ವರ್ಷಗಟ್ಟಲೆ ಹಣ ಕೂಡಿಟ್ಟು ಹೊರಡುವ ಕುಟುಂಬಗಳ ಹಿತದೃಷ್ಟಿಯಿಂದ, ತಮ್ಮ ಪ್ರವಾಸ ಪುಟಗಳಲ್ಲಿ ಪ್ರತಿ ಚಿತ್ರದ ಕೆಳಗೆ ಅದನ್ನು ತೆಗೆದ ತಿಂಗಳನ್ನೂ, ಲೇಖನದ ಜೊತೆಗೆ ಹೋಟೆಲು ಮತ್ತು ಕೇಬಲ್ ಕಾರುಗಳು ಮುಚ್ಚಿರುವ ಅವಧಿಯನ್ನೂ ಮುದ್ರಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಜ್ಯೂರಿಕ್