ಕೂರೋಕೆ ಜಾಗ ಎಲ್ಲಿದೆ?

ಮಾನ್ಯ ಸಂಪಾದಕರೇ,

ಹಾಸನ ದೊಡ್ಡ ನಗರ ಆಗಬೇಕು ಎನ್ನುವವರೆಲ್ಲ ಮಾಲ್, ಫ್ಲೈಓವರ್ ಬಗ್ಗೆಯೇ ಮಾತಾಡುತ್ತಾರೆ. ಬೆಂಗಳೂರಿನ ಮಜಾ ಇರುವುದು ಅಲ್ಲಿ ಅಲ್ಲ. 1870ರಲ್ಲಿ ಶುರುವಾದ ಕಬ್ಬನ್ ಪಾರ್ಕಿನ ಮರದಡಿ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ, ಗಾಂಧಿ ಬಜಾರಿನ ಹೂವಿನಂಗಡಿಗಳ ಮುಂದೆ, ಜೇಬಿಗೆ ಕೈ ಹಾಕದೆಯೂ ಸುಮ್ನೆ ನಿಂತು ಹರಟಬಹುದು, ಯಾರೂ ಎದ್ದು ಹೋಗಿ ಅನ್ನುವುದಿಲ್ಲ. ನಮ್ಮಲ್ಲೂ ಮಹಾರಾಜ ಪಾರ್ಕ್ ಇದೆ. ಹಾಸನಾಂಬೆ ಬಾಗಿಲು ತೆರೆದಾಗ ರಾತ್ರಿಯೂ ಬೀದಿ ತುಂಬ ಜನ. ಉಳಿದ ದಿನ? ಫುಟ್‌ಪಾತ್ ಮೇಲೆ ಸಾಲಾಗಿ ಬೈಕು, ಅಜ್ಜಿಯರೂ ಮಕ್ಕಳೂ ರಸ್ತೆಗಿಳಿದೇ ನಡೆಯಬೇಕು. ಮೊದಲು ಅದನ್ನು ತೆರವು ಮಾಡಿಸಿ, ನೆರಳಿರುವ ಕಡೆ ನಾಲ್ಕು ಕಲ್ಲುಬೆಂಚು ಹಾಕಿಸಿ. ಬೆಂಚಿನ ಮೇಲೆ ದೊಡ್ಡದಾಗಿ ಹೆಸರು ಕೆತ್ತಿಸಿಕೊಂಡರೂ ನಮ್ಮ ತಕರಾರಿಲ್ಲ.

– ಒಬ್ಬ ಓದುಗ, ಹಾಸನ