ಮೊದಲು ತಗ್ಗು, ಆಮೇಲೆ ಕೋಟೆ

ವಿಜಯಪುರ

ಚಿ. ಮೇಘನಾಳಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಕಳಿಸಿದ ಟರ್ಕಿ ಪ್ರವಾಸದ ಪಟ್ಟಿಯನ್ನು ಅಕ್ಕ ಓದಿ ಹೇಳಿದಳು. ಸಮಾಧಾನವಾಗದೆ ಅವಳ ಮೊಬೈಲನ್ನು ಇಸಿದುಕೊಂಡು ನಾನೇ ಓದಿದೆ. ಇಸ್ತಾಂಬುಲ್, ಕಪಡೋಕಿಯ, ಪಾಮುಕ್ಕಲೆ, ಎಫೆಸಸ್, ಎಲ್ಲ ಸರಿ. ಕಡಲತೀರದ ಬೋಡ್ರಮ್ ಹೆಸರಿನ ಎದುರಿಗೆ ಮಾತ್ರ ‘ಮಧ್ಯಾಹ್ನ ಕೋಟೆ, ಸಂಜೆ ಸೂರ್ಯಾಸ್ತ’ ಎಂದು ಬರೆದಿದ್ದೀಯ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ‘ಆಯಿತು ಮಾವ’ ಎಂದು ಇಟ್ಟುಬಿಡುತ್ತೀಯ. ಕಾಗದದ ಮೇಲಿದ್ದರೆ ಒಂದು ಸಲವಾದರೂ ಕಣ್ಣಾಡಿಸಲೇಬೇಕು.

ಬೋಡ್ರಮ್‌ಗೆ ಪೂರ್ತಿ ಎರಡು ದಿನ ಇಡು. ಎಲ್ಲಿಂದ ಕತ್ತರಿಸುತ್ತೀಯೋ ನಿನಗೆ ಬಿಟ್ಟದ್ದು. ನನ್ನನ್ನು ಕೇಳಿದರೆ, ಕಡಿಮೆ ಊರು ನೋಡಿ ಹೆಚ್ಚು ನಿದ್ದೆ ಮಾಡುವವರೇ ಪ್ರವಾಸವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತಾರೆ.

ಆ ಊರಿಗೆ ಬಂದ ಜನ ಬಸ್ಸಿಳಿದು ನೇರವಾಗಿ ಬಂದರಿಗೆ ಹೋಗುತ್ತಾರೆ. ಎರಡು ಕೊಲ್ಲಿಗಳ ನಡುವೆ ಮುಂದೆ ಚಾಚಿದ ಭೂಶಿರದ ಮೇಲೆ ಕೋಟೆ ಕಾಣುತ್ತದೆ. ಸಹಜವಾಗಿಯೇ ಅಲ್ಲಿಗೆ ನುಗ್ಗುತ್ತಾರೆ. ಬುರುಜು ಹತ್ತುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನೀನು ಹಾಗೆ ಮಾಡಬೇಡ. ಮೊದಲ ದಿನ ಬೆಳಿಗ್ಗೆ ಕೋಟೆಗೆ ಬೆನ್ನು ಹಾಕಿ ಊರೊಳಗಿನ ಓಣಿಗಳಲ್ಲಿ ಮೇಲಕ್ಕೆ ನಡೆ. ಬಿಳಿ ಮನೆಗಳ ಮಧ್ಯೆ ಬೇಲಿ ಹಾಕಿದ ಒಂದು ತೋಟ ಸಿಗುತ್ತದೆ. ಒಳಗೆ ದೊಡ್ಡದೊಂದು ತಗ್ಗು, ಅದರ ಬದಿಯಲ್ಲಿ ಬಿದ್ದ ಕಂಬಗಳ ತುಂಡುಗಳು, ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳು, ಚಪ್ಪರದ ಕೆಳಗೆ ಕೆತ್ತನೆಗಳ ಕೆಲವು ಅಚ್ಚುಪ್ರತಿಗಳು. ಅಷ್ಟೇ. ನಿನ್ನ ಅತ್ತೆ ಅಲ್ಲಿ ನಿಂತು, ‘ಇದಕ್ಕೂ ಟಿಕೆಟ್ಟೇ?’ ಎಂದು ಕೇಳಿದ್ದಳು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ಮೌಸೋಲಸನ ಗೋರಿ ಇದ್ದ ಜಾಗ ಅದು.

ಊರಿನ ಹಳೆಯ ಹೆಸರು ಹ್ಯಾಲಿಕಾರ್ನಾಸಸ್. ಪರ್ಷಿಯಾದ ಸಾಮ್ರಾಟರ ಕೈಕೆಳಗೆ ಕಾರಿಯಾ ಪ್ರಾಂತ್ಯವನ್ನು ಆಳುತ್ತಿದ್ದ ಮೌಸೋಲಸ್ ತನ್ನ ರಾಜಧಾನಿಯನ್ನು ಒಳನಾಡಿನ ಮಿಲಾಸ್‌ನಿಂದ ಈ ಬಂದರಿಗೆ ಸಾಗಿಸಿದ. (ನಿನ್ನ ವಿಮಾನ ಇಳಿಯುವುದು ಆ ಮಿಲಾಸ್ ಕಡೆಗೇ.) ಕ್ರಿ.ಪೂ. 353ರಲ್ಲಿ ಅವನು ತೀರಿಕೊಂಡ. ಗೋರಿಯ ಕೆಲಸ ನಡೆಸಿದವಳು ಹೆಂಡತಿ ಆರ್ಟೆಮಿಸಿಯಾ. ಅವಳು ಅವನ ಒಡಹುಟ್ಟಿದವಳೂ ಹೌದು. ಆ ರಾಜಮನೆತನದಲ್ಲಿ ಅದು ನಡೆದುಬಂದದ್ದು, ಮೂಗು ಮುರಿಯಬೇಡ. ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿಟ್ಟ ಪ್ರಕಾರ ಸುತ್ತಲೂ 36 ಕಂಬ, ಅದರ ಮೇಲೆ 24 ಮೆಟ್ಟಿಲುಗಳ ಪಿರಮಿಡ್, ತುತ್ತತುದಿಯಲ್ಲಿ ನಾಲ್ಕು ಕುದುರೆಗಳ ರಥ. ಒಟ್ಟು ಎತ್ತರ ಸುಮಾರು 45 ಮೀಟರ್. ನಮ್ಮ ಗೋಳಗುಮ್ಮಟ 51 ಮೀಟರ್ ಇದೆ. ಚಿಕ್ಕವಳಿದ್ದಾಗ ಅದರ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಪಹರೆಯವನಿಂದ ಬೈಸಿಕೊಂಡವಳು ನೀನು. ಆ ತಗ್ಗಿನ ದಡದಲ್ಲಿ ನಿಂತು ಅಷ್ಟೆತ್ತರವನ್ನು ಮನಸ್ಸಿನಲ್ಲಿ ನಿಲ್ಲಿಸಿಕೋ. ನಾಲ್ಕು ಪಾರ್ಶ್ವಗಳಿಗೆ ನಾಲ್ವರು ಗ್ರೀಕ್ ಶಿಲ್ಪಿಗಳು. ಎರಡು ವರ್ಷದೊಳಗೆ ಆರ್ಟೆಮಿಸಿಯಾ ಕೂಡ ತೀರಿಹೋದಳು. ಸಂಬಳ ಕೊಡುವವರು ಇಲ್ಲದಿದ್ದರೂ ಶಿಲ್ಪಿಗಳು ಕೆಲಸ ಮುಗಿಸಿಯೇ ಹೋದರು, ಅದು ತಮ್ಮ ಕಲೆಯ ಕೀರ್ತಿಯ ಪ್ರಶ್ನೆ ಎಂದುಕೊಂಡರು ಎನ್ನುತ್ತಾನೆ ಪ್ಲಿನಿ. ಲೋಕೋಪಯೋಗಿ ಇಲಾಖೆಯಲ್ಲಿ ಸೇವೆ ಸವೆಸಿದ ನನಗೆ ಈ ಮಾತು ನಂಬಲು ಕಷ್ಟ, ಆದರೂ ಇಷ್ಟ.

ಹಾಗಾದರೆ ಅದೆಲ್ಲ ಎಲ್ಲಿ ಹೋಯಿತು? ಭೂಕಂಪಗಳು ಮೇಲ್ಭಾಗವನ್ನು ಉರುಳಿಸಿದವು. ಉಳಿದದ್ದನ್ನು ಮುಗಿಸಿದವರು ಸೇಂಟ್ ಜಾನ್ ಪಂಥದ ಕ್ರೈಸ್ತ ಯೋಧರು. 1402ರಲ್ಲಿ ತೈಮೂರ್ ಅವರ ಸ್ಮಿರ್ನಾ ಕೋಟೆಯನ್ನು, ಅಂದರೆ ಈಗಿನ ಇಜ್ಮೀರ್‌ನ ಕೋಟೆಯನ್ನು ನೆಲಸಮ ಮಾಡಿದ. ಬೇರೆ ನೆಲೆ ಬೇಕಾಗಿ ಅವರು ಇಲ್ಲಿ ಕಟ್ಟಲು ತೊಡಗಿದರು. ಕಟ್ಟುವ ಕೆಲಸಕ್ಕೆ ಬಂದವರಿಗೆ ಸ್ವರ್ಗ ಖಾತರಿ ಎಂದು 1409ರಲ್ಲಿ ಪೋಪ್ ಆಜ್ಞೆಯೇ ಹೊರಟಿತಂತೆ. ಕಲ್ಲು ಎಲ್ಲಿಂದ ತರುವುದು? ಕಣ್ಣೆದುರಿಗೇ ರಾಶಿ ಬಿದ್ದಿತ್ತು. 1494ರಲ್ಲಿ ಒಮ್ಮೆ, 1522ರಲ್ಲಿ ತುರ್ಕರ ಸುಲ್ತಾನ್ ಸುಲೇಮಾನ್ ಈ ಯೋಧರ ಮುಖ್ಯ ನೆಲೆಯಾದ ರೋಡ್ಸ್ ದ್ವೀಪದ ಮೇಲೆ ದಂಡೆತ್ತಿ ಬಂದಾಗ ಇನ್ನೊಮ್ಮೆ ಗೋಡೆಗಳನ್ನು ಗಟ್ಟಿ ಮಾಡಿದರು. ಆ ಕೊನೆಯ ಸಲದ ಸಂಗತಿ 1581ರಲ್ಲಿ ಫ್ರಾನ್ಸಿನಲ್ಲಿ ಅಚ್ಚಾಗಿದೆ: ಸುಣ್ಣಕ್ಕಾಗಿ ಅಗೆಯುತ್ತಾ ಹೋದಂತೆ ಮೆಟ್ಟಿಲುಗಳು ಸಿಕ್ಕವು, ಕೆಳಗೆ ಕೆತ್ತನೆಗಳಿಂದ ತುಂಬಿದ ಕೋಣೆ ಸಿಕ್ಕಿತು. ಯೋಧರು ನೋಡಿ ಬೆರಗಾದರು, ಹೊಗಳಿದರು, ಆಮೇಲೆ ಒಡೆದು ಭಟ್ಟಿಗೆ ಹಾಕಿದರು. ಅದರಾಚೆಗಿನ ಗೋರಿಯ ಕೋಣೆಯನ್ನು ಮರುದಿನ ತೆರೆಯೋಣ ಎಂದು ಸಂಜೆ ಕೋಟೆಗೆ ಮರಳಿದರು. ಬೆಳಿಗ್ಗೆ ಬಂದು ನೋಡಿದರೆ ರಾತ್ರೋರಾತ್ರಿ ಕಳ್ಳರು ಬಾಚಿಕೊಂಡು ಹೋಗಿದ್ದರು. ಜರಿಬಟ್ಟೆಯ ಚಿಂದಿ, ಚಿನ್ನದ ಚೂರುಗಳು ನೆಲದ ಮೇಲೆ ಚೆಲ್ಲಿದ್ದವು.

ಸುಣ್ಣ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ನನ್ನ ಕಸುಬು. ಅಮೃತಶಿಲೆ ಎಂದರೆ ಸುಣ್ಣದ ಕಲ್ಲಿನ ಜಾತಿಯೇ. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಕಾವಿಗೆ ಸುಟ್ಟರೆ ಅನಿಲ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿದರೆ ಗಾರೆ. ಅಂದರೆ ಕೋಟೆಯ ಗೋಡೆಯಲ್ಲಿ ಗೋರಿಯ ಕಲ್ಲುಗಳು ಮಾತ್ರ ಇಲ್ಲ, ಕಲ್ಲುಗಳ ಸಂದಿನ ಗಾರೆಯಲ್ಲಿ ಅದರ ಶಿಲ್ಪಗಳೂ ಇವೆ. ಇಷ್ಟೆಲ್ಲ ಮಾಡಿ ಅವರಿಗೆ ಆದ ಲಾಭವೇನು ಗೊತ್ತೇ? ರೋಡ್ಸ್ ಬಿದ್ದಿತು, ಒಪ್ಪಂದದಂತೆ 1523ರ ಆರಂಭದಲ್ಲಿ ಈ ಕೋಟೆಯನ್ನು ಕಾಳಗವಿಲ್ಲದೆ ತುರ್ಕರ ಕೈಗೆ ಕೊಟ್ಟು ಹೊರಟುಹೋದರು.

ತಗ್ಗನ್ನು ಮೊದಲು ನೋಡು ಎಂದದ್ದು ಇದಕ್ಕೆ. ಅದನ್ನು ನೋಡಿದ ಕಣ್ಣಿನಿಂದ ಕೋಟೆಗೆ ಹೋದರೆ ಗೋಡೆ ಮಾತಾಡುತ್ತದೆ. ಬುರುಜಿನ ತುದಿಯನ್ನು ನೋಡುವ ಬದಲು ಗೋಡೆಯ ಹತ್ತಿರ ಹೋಗಿ ನಿಲ್ಲು. ಸ್ಥಳೀಯ ಒರಟು ಕಲ್ಲಿನ ನಡುವೆ ಹಸಿರು ಛಾಯೆಯ ದೊಡ್ಡ ದೊಡ್ಡ ಕಟ್ಟುಕಲ್ಲುಗಳು, ಅಂಚು ತಪ್ಪದಂತೆ ಕೆತ್ತಿದವು, ಕೂತಿವೆ. ಅವು ಗೋರಿಯ ಒಡಲಿನವು. ಯುರೋಪಿನ ಬೇರೆ ಬೇರೆ ದೇಶಗಳ ಯೋಧರು ಬೇರೆ ಬೇರೆ ಬುರುಜು ಕಟ್ಟಿ ತಮ್ಮ ಮನೆತನದ ಲಾಂಛನಗಳನ್ನು ಕೂರಿಸಿದ್ದಾರೆ. ಒಟ್ಟು 249 ಎಂದು ಎಣಿಸಿದ್ದಾರೆ. ನೀನು ಎಣಿಸಲು ಹೋಗಬೇಡ. ಚೆಂದದ ಕೆತ್ತನೆಗಳನ್ನು ಕೆಲವರು ಸುಡದೆ ಗೋಡೆಗೆ ಅಲಂಕಾರವಾಗಿ ಸೇರಿಸಿದ್ದರು. ಅವನ್ನು 1846ರಲ್ಲಿ ಬ್ರಿಟಿಷ್ ರಾಯಭಾರಿ ಸುಲ್ತಾನನ ಅಪ್ಪಣೆ ಪಡೆದು ಕಿತ್ತು ಸಾಗಿಸಿದ. ಹತ್ತು ವರ್ಷದ ನಂತರ ಚಾರ್ಲ್ಸ್ ನ್ಯೂಟನ್ ಬಂದು ತಗ್ಗನ್ನೇ ಅಗೆದು, ಉಳಿದ ಪ್ರತಿಮೆಗಳನ್ನೂ ಲಂಡನ್ನಿಗೆ ಕಳಿಸಿದ. ಇಸ್ತಾಂಬುಲ್ ವಿಮಾನಕ್ಕೆ ಕಾಸು ಇರುವವಳಿಗೆ ಮ್ಯೂನಿಕ್‌ನಿಂದ ಲಂಡನ್ ದೂರವಲ್ಲ. ಮೌಸೋಲಸ್ ಮತ್ತು ಆರ್ಟೆಮಿಸಿಯಾರದ್ದು ಎನ್ನಲಾಗುವ ಎರಡು ಎತ್ತರದ ಪ್ರತಿಮೆಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಯಾವಾಗಲಾದರೂ ನೋಡು.

ಈ ಬಗ್ಗೆ ಬೋಡ್ರಮ್‌ನವರು ಒಂದು ಕಥೆ ಹೇಳುತ್ತಾರೆ. 1925ರಲ್ಲಿ ಜೆವಾತ್ ಶಾಕಿರ್ ಎಂಬ ಲೇಖಕನನ್ನು, ಒಂದು ಬರಹ ಸರ್ಕಾರಕ್ಕೆ ಹಿಡಿಸಲಿಲ್ಲವೆಂದು ಈ ಮೂಲೆಗೆ ಗಡೀಪಾರು ಮಾಡಿದರು. ಆಗ ಅದು ಮೀನುಗಾರರ ಹಳ್ಳಿ. ಶಿಕ್ಷೆ ಮುಗಿದ ಮೇಲೂ ಅವರು ಮರಳಿ ಬಂದು ಅಲ್ಲಿಯೇ ನೆಲೆಸಿದರು, ಗಿಡ ನೆಟ್ಟರು, ‘ಹ್ಯಾಲಿಕಾರ್ನಾಸಸ್‌ನ ಮೀನುಗಾರ’ ಎಂಬ ಹೆಸರಿನಲ್ಲಿ ಬರೆದರು. ಮರದ ದೋಣಿಯಲ್ಲಿ ಗೆಳೆಯರನ್ನು ಕರೆದುಕೊಂಡು ಕೊಲ್ಲಿಗಳನ್ನು ಸುತ್ತಿದರು. ಇಂದು ಪ್ರವಾಸಿಗರು ದುಡ್ಡು ಕೊಟ್ಟು ಹೋಗುವ ‘ನೀಲಿಯಾನ’ ಹುಟ್ಟಿದ್ದು ಹಾಗೆ. ಅವರು ಲಂಡನ್ನಿಗೆ ಪತ್ರ ಬರೆದು, ಆ ಶಿಲ್ಪಗಳು ನಮ್ಮ ನೀಲಿ ಆಕಾಶದ ಕೆಳಗೆ ಇರಬೇಕಾದವು, ಹಿಂದಿರುಗಿಸಿ ಎಂದರಂತೆ. ಸೂಚನೆಗೆ ಧನ್ಯವಾದ, ಹಿಂದಿನ ಗೋಡೆಗೆ ನೀಲಿ ಬಣ್ಣ ಹೊಡೆಸಿದ್ದೇವೆ ಎಂದು ಉತ್ತರ ಬಂದಿತಂತೆ. ನಿಜವೋ ಸುಳ್ಳೋ, ಅಂಥ ಉತ್ತರ ಬರೆಯಬಲ್ಲ ಗುಮಾಸ್ತರನ್ನು ನಾನು ಸೇವೆಯಲ್ಲಿದ್ದಾಗ ಬಲ್ಲೆ.

ಎರಡನೆಯ ದಿನವನ್ನು ಕೋಟೆಯೊಳಗಿನ ವಸ್ತುಸಂಗ್ರಹಾಲಯಕ್ಕೆ ಮೀಸಲಿಡು. ಸಮುದ್ರದ ತಳದಿಂದ ಎತ್ತಿ ತಂದವುಗಳದ್ದು ಅದು. ಅದರ ಮೂಲದಲ್ಲಿ ಇರುವವರು ಪಂಡಿತರಲ್ಲ, ಸ್ಪಂಜು ಕೀಳಲು ಮುಳುಗುತ್ತಿದ್ದ ಈ ಊರಿನ ಮುಳುಗುಗಾರರು. 1950ರ ದಶಕದ ಕೊನೆಯಲ್ಲಿ ಪೀಟರ್ ಥ್ರಾಕ್‌ಮಾರ್ಟನ್ ಎಂಬ ಅಮೆರಿಕದ ಪತ್ರಕರ್ತ ಬಂದು, ಅವರೊಂದಿಗೆ ಕೂತು, ಎಲ್ಲೆಲ್ಲಿ ಹಳೆಯ ಹಡಗು ಕಂಡಿದ್ದೀರಿ ಎಂದು ಕೇಳಿ ಬರೆದುಕೊಂಡ. ಅಲ್ಲಿಂದ ಶುರುವಾಯಿತು. 1982ರಲ್ಲಿ ಮೆಹ್ಮೆತ್ ಚಾಕಿರ್ ಎಂಬ ಮುಳುಗುಗಾರ, ಕಾಶ್ ಊರಿನ ಹತ್ತಿರದ ಉಲುಬುರುನ್ ಎಂಬಲ್ಲಿ ‘ಕಿವಿ ಇರುವ ಲೋಹದ ಬಿಸ್ಕತ್ತು’ಗಳನ್ನು ಕಂಡೆ ಎಂದು ಹೇಳಿದ. ತಿಳಿದವರಿಗೆ ತಕ್ಷಣ ಹೊಳೆಯಿತು: ನಾಲ್ಕು ಮೂಲೆಗಳಲ್ಲಿ ಹಿಡಿಯಿರುವ, ಸಾವಿರಾರು ವರ್ಷ ಹಿಂದಿನ ತಾಮ್ರದ ಗಟ್ಟಿಗಳು. ಅಗೆತ 1984ರಿಂದ 1994ರವರೆಗೆ ನಡೆಯಿತು. ಆ ಗಟ್ಟಿಗಳನ್ನು ಹೊತ್ತು ಮುಳುಗಿದ ಹಡಗು ಬಿದ್ದದ್ದು 44 ಮೀಟರಿಗಿಂತ ಆಳದಲ್ಲಿ; ಒಬ್ಬೊಬ್ಬರು ಒಂದು ಸಲಕ್ಕೆ ಕೆಳಗಿರಬಹುದಾಗಿದ್ದದ್ದು ಸುಮಾರು 20 ನಿಮಿಷ. ಹೀಗೆ 22,000ಕ್ಕೂ ಹೆಚ್ಚು ಸಲ ಮುಳುಗಿದರು.

ಆ ಹಡಗು ಕ್ರಿ.ಪೂ. 14ನೆಯ ಶತಮಾನದ ಕೊನೆಯದು. ಸುಮಾರು 10 ಟನ್ ತಾಮ್ರ, ಒಂದು ಟನ್ ತವರ. ಎರಡನ್ನೂ ಬೆರೆಸಿದರೆ ಕಂಚು. ಪ್ರಮಾಣವನ್ನು ನೋಡು, ಹತ್ತಕ್ಕೆ ಒಂದು, ಯಾರೋ ಲೆಕ್ಕ ಹಾಕಿಯೇ ತುಂಬಿದಂತಿದೆ. ನೀಲಿ ಗಾಜಿನ ಗಟ್ಟಿಗಳು, ಕರಿಮರದ ದಿಮ್ಮಿಗಳು, ಆನೆದಂತ, ನೀರ್ಗುದುರೆಯ ಹಲ್ಲು, ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪು, ಈಜಿಪ್ಟಿನ ರಾಣಿ ನೆಫರ್ಟಿಟಿಯ ಹೆಸರು ಕೆತ್ತಿದ ಚಿನ್ನದ ಪುಟ್ಟ ಜೀರುಂಡೆ. ಎಲ್ಲರೂ ಆ ಜೀರುಂಡೆಯ ಮುಂದೆ ಗುಂಪು ಕಟ್ಟುತ್ತಾರೆ. ನನಗೆ ಹಿಡಿಸಿದ್ದು ಅಂಗೈಯಗಲದ ಮರದ ಪುಸ್ತಕ: ಎರಡು ಹಲಗೆ, ನಡುವೆ ದಂತದ ಕೀಲು. ಒಳಗೆ ಮೇಣ ಹಚ್ಚಿ ಗೀಚಿ ಬರೆಯುತ್ತಿದ್ದರು. ಮೇಣವೂ ಇಲ್ಲ, ಅಕ್ಷರವೂ ಇಲ್ಲ. ಅದರಲ್ಲಿ ಇದ್ದದ್ದು ರಾಜರ ಪತ್ರವೋ, ಸಾಲದ ಲೆಕ್ಕವೋ?

ಇನ್ನೊಂದು ಹಡಗು ಸುಮಾರು ಕ್ರಿ.ಶ. 1025ರದು. ಕರಗಿಸಿ ಮತ್ತೆ ಬಳಸಲೆಂದು ಒಡಕು ಗಾಜನ್ನು ಸಾಗಿಸುತ್ತಿದ್ದದ್ದು, ಮೂರು ಟನ್. ಆ ಲಕ್ಷಾಂತರ ಚೂರುಗಳನ್ನು ವರ್ಷಗಟ್ಟಲೆ ಕೂತು ಬಣ್ಣ, ದಪ್ಪ, ಬಾಗು ನೋಡಿ ಜೋಡಿಸಿ ಬಟ್ಟಲು, ಸೀಸೆಗಳನ್ನು ಮರಳಿ ನಿಲ್ಲಿಸಿದ್ದಾರೆ. ಪಜಲ್ ಜೋಡಿಸಲು ಹೋಗಿ ಅರ್ಧಕ್ಕೆ ಬಿಡುವವಳು ನೀನು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲು.

1989ರಲ್ಲಿ ಊರಿನಲ್ಲಿ ಕಟ್ಟಡಕ್ಕೆ ಪಾಯ ತೋಡುವಾಗ ಯಾರೂ ಮುಟ್ಟಿರದ ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು; ಒಳಗೆ ಚಿನ್ನದ ಎಲೆಗಳ ಕಿರೀಟ ತೊಟ್ಟ ಹೆಂಗಸು. ಅವಳು ಮೌಸೋಲಸನ ತಂಗಿ ಅದಾ ಇರಬಹುದು ಎಂದು ಕೆಲವರ ಊಹೆ. ತಮ್ಮನೇ ಅಧಿಕಾರದಿಂದ ಇಳಿಸಿ ಓಡಿಸಿದ್ದ ಆ ರಾಣಿ, ಕ್ರಿ.ಪೂ. 334ರಲ್ಲಿ ಅಲೆಕ್ಸಾಂಡರ್ ಬಂದಾಗ ಅವನನ್ನು ದತ್ತು ಮಗನನ್ನಾಗಿ ಮಾಡಿಕೊಂಡು ರಾಜ್ಯವನ್ನು ಮರಳಿ ಪಡೆದಳು. ಮಗನಿಗೆಂದು ದಿನವೂ ಭಕ್ಷ್ಯ ಕಳಿಸುತ್ತಿದ್ದಳಂತೆ, ಕೊನೆಗೆ ಅಡುಗೆಯವರನ್ನೇ ಕಳಿಸಿದಳಂತೆ. ನಿನ್ನ ಅಮ್ಮ ಮ್ಯೂನಿಕ್‌ಗೆ ಚಟ್ನಿಪುಡಿ ಕಳಿಸುವುದಕ್ಕೆ ಇನ್ನು ಮೇಲೆ ನಗಬೇಡ.

ಊಟದ ಮಾತು ಬಂದಿತಲ್ಲ. ನೀನು ಇನ್ನೂ ಸಸ್ಯಾಹಾರಿಯೇ ತಾನೇ? ಏಜಿಯನ್ ಕಡಲತೀರ ನಿನಗೆ ಅನುಕೂಲ. ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿ, ಮೊಸರು ಹಾಕಿದ ಸೊಪ್ಪು, ಅನ್ನ ತುಂಬಿದ ಕುಂಬಳದ ಹೂವು ಸಿಗುತ್ತವೆ. ಆದರೆ ‘ಎತ್‌ಸಿಜ್’, ಅಂದರೆ ಮಾಂಸವಿಲ್ಲದ್ದು, ಎಂದು ಹೇಳಿ ಸುಮ್ಮನಾಗಬೇಡ. ಅವರ ಲೆಕ್ಕದಲ್ಲಿ ಕೋಳಿ, ಮೀನು ಮಾಂಸವಲ್ಲ. ‘ತಾವುಕ್ ಯೋಕ್, ಬಾಲಿಕ್ ಯೋಕ್’, ಕೋಳಿ ಬೇಡ, ಮೀನು ಬೇಡ ಎಂದೂ ಸೇರಿಸು. ಬೇಳೆ ಸಾರಿನಂತೆ ಕಾಣುವ ಸೂಪಿಗೂ ಎಲುಬಿನ ನೀರು ಹಾಕಿರುವುದುಂಟು, ಕೇಳಿಯೇ ಚಮಚ ಎತ್ತು.

ಮಿಕ್ಕವು ಚಿಕ್ಕಪುಟ್ಟವು. ಕೋಟೆಯ ಕಲ್ಲುಗಳು ಸವೆದು ಜಾರುತ್ತವೆ, ಒಳ್ಳೆಯ ಬೂಟು ಹಾಕು. ಜುಲೈ, ಆಗಸ್ಟಿನ ಬಿಸಿಲು ನಮ್ಮೂರಿನ ಮೇ ತಿಂಗಳಿನದೇ. ಸೆಪ್ಟೆಂಬರ್ ಕೊನೆಗೆ ಹೋದರೆ ಕಡಲೂ ಬೆಚ್ಚಗಿರುತ್ತದೆ, ಜನವೂ ಕಡಿಮೆ. ಹೋಟೆಲನ್ನು ಬಾರುಗಳ ಬೀದಿಯಿಂದ ದೂರ ಹಿಡಿ, ಇಲ್ಲವಾದರೆ ಬೆಳಗಿನ ಜಾವದವರೆಗೆ ಡ್ರಮ್ಮು ಕೇಳುತ್ತೀಯ. ದೋಣಿ ಹತ್ತುವ ಮೊದಲು ಸಂಗೀತ ಹಾಕುತ್ತಾರೋ ಇಲ್ಲವೋ ವಿಚಾರಿಸು. ಗುಡ್ಡದ ಇಳಿಜಾರಿನ ಪ್ರಾಚೀನ ರಂಗಮಂದಿರಕ್ಕೆ ಸಂಜೆ ಹೋಗು, ಬಂದರು ಪೂರ್ತಿ ಕಾಣುತ್ತದೆ. ಇತಿಹಾಸಕಾರ ಹೆರೊಡೋಟಸ್ ಹುಟ್ಟಿದ್ದು ಇದೇ ಊರಿನಲ್ಲಿ, ಆ ರಂಗಮಂದಿರ ಮಾತ್ರ ಅವನ ಕಾಲದ ನಂತರದ್ದು. ಓಡಾಟಕ್ಕೆ ಟ್ಯಾಕ್ಸಿ ಬೇಡ, ದೊಲ್ಮುಷ್ ಎಂಬ ಸಣ್ಣ ಬಸ್ಸುಗಳು ಸಾಕು.

ಒಂದು ಮಾತನ್ನು ಮಾತ್ರ ಮರೆಯಬೇಡ. ಎದುರಿಗಿರುವ ಕೋಸ್ ದ್ವೀಪ ಗ್ರೀಸಿಗೆ ಸೇರಿದ್ದು, ದೋಣಿಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಜರ್ಮನಿಯ ವಾಸದ ಪರವಾನಗಿ ಇರುವುದರಿಂದ ನಿನಗೆ ಅಲ್ಲಿಗೆ ಹೋಗಲು ತೊಂದರೆಯಿಲ್ಲ. ಮರಳಿ ಬರುವುದೇ ತೊಡಕು. ನಿನ್ನ ಟರ್ಕಿ ಇ-ವೀಸಾದಲ್ಲಿ ಒಂದೇ ಪ್ರವೇಶ ಎಂದು ಇದ್ದರೆ ನಿನ್ನ ಸೂಟ್‌ಕೇಸು ಬೋಡ್ರಮ್‌ನ ಹೋಟೆಲಿನಲ್ಲಿ, ನೀನು ಕೋಸ್‌ನ ದಡದಲ್ಲಿ. ಟಿಕೆಟ್ ಕೊಳ್ಳುವ ಮೊದಲು ಆ ಸಾಲನ್ನು ಓದು. ಪಟ್ಟಿ ಬದಲಿಸಿದ ಮೇಲೆ ಅಕ್ಕನಿಗೆ ಕಳಿಸು, ನಾನು ಇಸಿದುಕೊಂಡು ಓದುತ್ತೇನೆ.

ಇಂತಿ,
ನಿನ್ನ ಮಾವ