ಜಾಲದಲ್ಲಿ ಸಿಕ್ಕ ಮಾಹಿತಿಯ ಆಕರ ಕೇಳುವುದನ್ನು ಕಲಿಸೋಣ

ಸಂಪಾದಕರಿಗೆ,

ಮಾನ್ಯರೇ,

ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಕಿರುಪ್ರಬಂಧಗಳಿಗೂ ಯೋಜನಾ ವರದಿಗಳಿಗೂ ಬೇಕಾದ ಮಾಹಿತಿಯನ್ನು ಇಂದು ಬಹುಮಟ್ಟಿಗೆ ಮೊಬೈಲಿನಲ್ಲಿಯೇ ಹುಡುಕುತ್ತಾರೆ. ತಾಲ್ಲೂಕು ಕೇಂದ್ರದ ಕಾಲೇಜಿನ ಗ್ರಂಥಾಲಯದಲ್ಲಿ ಎಂದೂ ಕಾಣಸಿಗದ ಗ್ರಂಥಗಳು ಅವರ ಕೈಗೆ ಬರುತ್ತಿರುವುದನ್ನು ಇತಿಹಾಸದ ಅಧ್ಯಾಪಕಿಯಾಗಿ ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಸಿಕ್ಕ ಮಾಹಿತಿ ಮೂಲದಲ್ಲಿ ಯಾರದು, ಯಾವ ವರ್ಷದ್ದು, ಯಾವ ಆವೃತ್ತಿಯದು ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ನಾವು ಅವರಿಗೆ ಕಲಿಸುತ್ತಿಲ್ಲ. ಈ ಕೊರತೆಯ ಕಡೆಗೆ ತಮ್ಮ ಪತ್ರಿಕೆಯ ಮೂಲಕ ವಿಶ್ವವಿದ್ಯಾಲಯಗಳ ಮತ್ತು ಸಹೋದ್ಯೋಗಿಗಳ ಗಮನ ಸೆಳೆಯಬಯಸುತ್ತೇನೆ.

ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಹೆಸರಾದ, ನಮ್ಮ ಹಾಸನ ಜಿಲ್ಲೆಯದೇ ಆದ ಹಲ್ಮಿಡಿ ಶಾಸನವನ್ನು ನೋಡಿ. ಬೇಲೂರು ತಾಲ್ಲೂಕಿನ ಈ ಶಾಸನವನ್ನು 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಇದರ ಬಗ್ಗೆ ಹುಡುಕಿದರೆ ಕ್ರಿ.ಶ. 450 ಎಂಬ ಕಾಲ ಒಂದು ಪುಟದಿಂದ ಇನ್ನೊಂದಕ್ಕೆ ನಕಲಾಗಿ ಬಂದಿರುವುದು ಕಾಣುತ್ತದೆ. ಓದಿದವರಿಗೆ ಆ ವರ್ಷವನ್ನು ಕಲ್ಲಿನಲ್ಲಿಯೇ ಕೆತ್ತಿರಬೇಕು ಎನ್ನಿಸುತ್ತದೆ. ವಾಸ್ತವವಾಗಿ ಶಾಸನದಲ್ಲಿ ಯಾವ ಶಕವರ್ಷವೂ ಇಲ್ಲ. ಲಿಪಿಯ ರೂಪ, ಭಾಷೆಯ ಸ್ವರೂಪ, ಅದರಲ್ಲಿ ಬರುವ ಕದಂಬ ದೊರೆಯ ಹೆಸರು ಇವುಗಳ ಆಧಾರದ ಮೇಲೆ ವಿದ್ವಾಂಸರು ನಿರ್ಣಯಿಸಿದ ಕಾಲವದು, ಮತ್ತು ಅದರ ಬಗ್ಗೆ ಭಿನ್ನಾಭಿಪ್ರಾಯಗಳೂ ಇವೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ (ಮೆಟ್ಟಿಲುಗಳ ಪಕ್ಕದ ಸಿಂಹದ ಆಕೃತಿಯ ಕಲ್ಲಿನ) ಶಾಸನ ಇದಕ್ಕೂ ಹಳೆಯದು, ಸುಮಾರು 370ರದು ಎಂಬ ವಾದ ಬಂದ ಮೇಲಂತೂ ಈ ಚರ್ಚೆ ಇನ್ನಷ್ಟು ಮುಖ್ಯವಾಗಿದೆ. ಕಲ್ಲಿನ ಮೇಲೆ ಇರುವುದು ಯಾವುದು, ಅದನ್ನು ಓದಿದವರು ತೀರ್ಮಾನಿಸಿದ್ದು ಯಾವುದು ಎಂಬ ವ್ಯತ್ಯಾಸ ತಿಳಿಯದ ವಿದ್ಯಾರ್ಥಿಗೆ ಇತಿಹಾಸ ಎಂದರೆ ಉರು ಹೊಡೆಯುವ ಇಸವಿಗಳಾಗಿಯೇ ಉಳಿಯುತ್ತದೆ.

ಮೂಲಗ್ರಂಥವೇ ಜಾಲದಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ತೊಂದರೆ ತೀರುವುದಿಲ್ಲ ಎಂಬುದಕ್ಕೆ ನಾಡಿನ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳೇ ಸಾಕ್ಷಿ. ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಅವು 500 ಆದವು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಪರಿಷ್ಕೃತ ಸಂಪುಟದಲ್ಲಿ 573 ಇವೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಸಂಪುಟಗಳು ಡಿಜಿಟಲ್ ಗ್ರಂಥಭಂಡಾರವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ದೊರೆಯುವುದರಿಂದ ವಿದ್ಯಾರ್ಥಿಗಳು ಸಹಜವಾಗಿಯೇ ಅವುಗಳನ್ನು ಇಳಿಸಿಕೊಳ್ಳುತ್ತಾರೆ. ಅಲ್ಲಿರುವ ಸಂಖ್ಯೆಯನ್ನು ಹಿಡಿದು ಈಚಿನ ಸಂಶೋಧಕರ ಉಲ್ಲೇಖವನ್ನು ಹುಡುಕಿದರೆ ಬೇರೆ ಯಾವುದೋ ಶಾಸನಕ್ಕೆ ಹೋಗಿ ನಿಲ್ಲುತ್ತಾರೆ, ಏಕೆಂದರೆ ಆವೃತ್ತಿ ಬದಲಾದಂತೆ ಶಾಸನಗಳ ಸಂಖ್ಯೆಯೂ ಬದಲಾಗಿದೆ. ರೈಸ್ ಅವರ ಕೆಲಸದ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೂ ಅವರ ನಂತರದ ಮೂರು ತಲೆಮಾರಿನ ವಿದ್ವಾಂಸರು ತಿದ್ದಿದ್ದನ್ನು, ಸೇರಿಸಿದ್ದನ್ನು ನೋಡದೆ ಬರೆದ ಪ್ರಬಂಧ ಎಷ್ಟು ಶ್ರದ್ಧೆಯಿಂದ ಬರೆದಿದ್ದರೂ ಅಪೂರ್ಣವೇ.

ಅಂಕಿ ಅಂಶಗಳ ವಿಷಯದಲ್ಲಿ ಇನ್ನೊಂದು ಬಗೆಯ ತಪ್ಪು ನಡೆಯುತ್ತಿದೆ. '2021ರ ಜನಗಣತಿಯ ಪ್ರಕಾರ' ಎಂಬ ಮಾತು ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ವರದಿಗಳಲ್ಲಿಯೂ ಕಾಣಿಸುತ್ತದೆ. 2021ರಲ್ಲಿ ಜನಗಣತಿಯೇ ನಡೆಯಲಿಲ್ಲ. ಕರ್ನಾಟಕದ ಜನಸಂಖ್ಯೆ 6,10,95,297 ಎಂಬುದು 2011ರ ಎಣಿಕೆ. ಆ ಬಳಿಕದ ವರ್ಷಗಳಿಗೆ ಜಾಲತಾಣಗಳು ಕೊಡುವ ಸಂಖ್ಯೆಗಳು ಅಂದಾಜುಗಳು. ಅಂದಾಜನ್ನು ಬಳಸುವುದು ತಪ್ಪಲ್ಲ, ಅದನ್ನು ಅಂದಾಜು ಎಂದು ಹೇಳಿ, ಯಾರು ಮಾಡಿದ್ದು ಎಂದು ತಿಳಿಸಿದರೆ ಸಾಕು. ಹಾಗೆಯೇ 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ ಜಿಲ್ಲೆಗಳು ಹಳೆಯ ಜಿಲ್ಲೆಗಳಿಂದ ಬೇರ್ಪಟ್ಟು ರಚನೆಯಾದವು ಎಂಬುದನ್ನು ಗಮನಿಸದೆ, ಅದಕ್ಕೂ ಹಿಂದಿನ ಬರಹವೊಂದರಿಂದ ಮೈಸೂರು ಅಥವಾ ಧಾರವಾಡ ಜಿಲ್ಲೆಯ ವಿಸ್ತೀರ್ಣವನ್ನು ಎತ್ತಿಕೊಂಡು ಇಂದಿನ ಜನಸಂಖ್ಯೆಗೆ ಹೊಂದಿಸಿದರೆ ಸಿಗುವ ಜನಸಾಂದ್ರತೆಗೆ ಅರ್ಥವೇ ಇರುವುದಿಲ್ಲ.

ಈಗ ಪ್ರಶ್ನೆ ಕೇಳಿದೊಡನೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಬಂದಿವೆ. ಅವು ಕೆಲವೊಮ್ಮೆ ಇಲ್ಲದ ಪುಸ್ತಕಕ್ಕೆ ಲೇಖಕರ ಹೆಸರು, ಪ್ರಕಟಣೆಯ ವರ್ಷ, ಪುಟಸಂಖ್ಯೆಗಳನ್ನೂ ಸೇರಿಸಿ ಆಕರದಂತೆ ಕೊಟ್ಟುಬಿಡುತ್ತವೆ. ಅಂತಹ ಉತ್ತರವನ್ನು ಓದಿ ವಿಷಯದ ಪರಿಚಯ ಮಾಡಿಕೊಳ್ಳಲು ನನ್ನ ಆಕ್ಷೇಪವಿಲ್ಲ. ಅಲ್ಲಿ ಹೆಸರಿಸಿದ ಪುಸ್ತಕವನ್ನು ಗ್ರಂಥಾಲಯದ ಸೂಚಿಯಲ್ಲಾಗಲಿ ಪ್ರಕಾಶಕರ ಪಟ್ಟಿಯಲ್ಲಾಗಲಿ ಕಣ್ಣಾರೆ ಕಾಣುವ ತನಕ ಪ್ರಬಂಧದ ಅಡಿಟಿಪ್ಪಣಿಗೆ ಅದು ಬರಕೂಡದು ಎಂಬುದಷ್ಟೇ ನನ್ನ ಆಗ್ರಹ.

ಕನ್ನಡದಲ್ಲಿ ಓದುವ ಮಕ್ಕಳ ಕಷ್ಟ ಇದಕ್ಕಿಂತ ಆಳವಾದದ್ದು, ಅದಕ್ಕೆ ಅವರು ಕಾರಣರೂ ಅಲ್ಲ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಶೋಧಗಂಗಾ ತಾಣದಲ್ಲಿ ಉಚಿತವಾಗಿ ಓದಬಹುದು. ಅಲ್ಲಿ ಕನ್ನಡದ ಪ್ರಬಂಧಗಳೂ ಇವೆ. ಆದರೆ ಅವುಗಳಲ್ಲಿ ಹಲವು ಪುಟಗಳ ಚಿತ್ರಗಳಾಗಿವೆ, ಇನ್ನು ಕೆಲವು, ಎಲ್ಲ ಯಂತ್ರಗಳೂ ಒಂದೇ ರೀತಿ ಓದಬಲ್ಲ ಅಕ್ಷರಸಂಕೇತವಾದ ಯುನಿಕೋಡ್‌ಗೆ ಮೊದಲಿನ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಬೆರಳಚ್ಚಾದವು. ಕಣ್ಣಿಗೆ ಚೊಕ್ಕ ಕನ್ನಡವಾಗಿ ಕಾಣುವ ಆ ಅಕ್ಷರಗಳು ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳು. ಹೀಗಾಗಿ ವರ್ಷಗಟ್ಟಲೆ ಶ್ರಮಪಟ್ಟು, ಮಾರ್ಗದರ್ಶಕರ ಮತ್ತು ಪರೀಕ್ಷಕರ ಕಣ್ಣಿಗೆ ಬಿದ್ದು ಹೊರಬಂದ ಸಂಶೋಧನೆ ಹಿಂದೆ ಸರಿಯುತ್ತದೆ. ಯಾರು ಬರೆದರೆಂದೇ ತಿಳಿಯದ, ಯುನಿಕೋಡ್‌ನಲ್ಲಿರುವ ಒಂದು ಪುಟ ಮೊದಲ ಉತ್ತರವಾಗಿ ಮುಂದೆ ಬರುತ್ತದೆ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ.

ಒಳ್ಳೆಯದೂ ಆಗಿದೆ ಎಂಬುದನ್ನು ಹೇಳಲೇಬೇಕು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ ಭಾರತವಾಣಿ ಜಾಲತಾಣದಲ್ಲಿ ನಿಘಂಟುಗಳು ದೊರೆಯುತ್ತವೆ. ಖರಗ್‌ಪುರದ ಐಐಟಿ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. 'ಒಂದು ದೇಶ, ಒಂದು ಚಂದಾ' ಯೋಜನೆಯಿಂದ 2025ರಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13 ಸಾವಿರ ನಿಯತಕಾಲಿಕೆಗಳು ತೆರೆದಿವೆ. ಇವೆಲ್ಲ ಇರುವುದನ್ನು ತರಗತಿಯಲ್ಲಿ ಹೇಳದಿದ್ದರೆ ವಿದ್ಯಾರ್ಥಿಗೆ ಗೊತ್ತಾಗುವುದಾದರೂ ಹೇಗೆ? ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿತ ನಿಯತಕಾಲಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ ಒಳ್ಳೆಯ ನಿಯತಕಾಲಿಕೆ ಯಾವುದು, ಹಣ ಕೊಟ್ಟವರದ್ದನ್ನೆಲ್ಲ ಅಚ್ಚು ಹಾಕುವುದು ಯಾವುದು ಎಂದು ಗುರುತಿಸುವ ಹೊಣೆಯೂ ಆಯಾ ವಿಶ್ವವಿದ್ಯಾಲಯ, ಕಾಲೇಜುಗಳ ಮೇಲೆಯೇ ಬಿದ್ದಿದೆ.

ಆದ್ದರಿಂದ ಪದವಿಯ ಮೊದಲ ಸೆಮಿಸ್ಟರಿನಲ್ಲಿಯೇ ಗ್ರಂಥಪಾಲಕರ ನೆರವಿನಿಂದ ಆಕರಗಳನ್ನು ಹುಡುಕುವ, ಒಂದರೊಡನೆ ಇನ್ನೊಂದನ್ನು ತಾಳೆ ನೋಡುವ ಪಾಠಗಳು ನಡೆಯಬೇಕು. ಅನೇಕ ಸರ್ಕಾರಿ ಕಾಲೇಜುಗಳಲ್ಲಿ ಖಾಲಿ ಬಿದ್ದಿರುವ ಗ್ರಂಥಪಾಲಕರ ಹುದ್ದೆಗಳನ್ನು ತುಂಬದೆ ಇದು ಆಗುವ ಕೆಲಸವಲ್ಲ. ಕಿರುಪ್ರಬಂಧಕ್ಕೆ ಅಂಕ ಕೊಡುವಾಗ ಆವೃತ್ತಿ, ವರ್ಷ, ಪುಟಗಳ ಸಹಿತ ಆಕರ ಕೊಟ್ಟಿದ್ದಾರೆಯೇ, ಅದನ್ನು ನಿಜವಾಗಿ ನೋಡಿದ್ದಾರೆಯೇ ಎಂದು ಅಧ್ಯಾಪಕರಾದ ನಾವು ಕೇಳಬೇಕು. ವಿಶ್ವವಿದ್ಯಾಲಯಗಳು ಇನ್ನು ಮುಂದೆ ಕನ್ನಡದ ಪ್ರಬಂಧಗಳನ್ನು ಯುನಿಕೋಡ್‌ನಲ್ಲಿಯೇ ಸ್ವೀಕರಿಸಬೇಕು, ಈಗಾಗಲೇ ಇರುವವುಗಳನ್ನು ಹುಡುಕಲು ಬರುವಂತೆ ಪರಿವರ್ತಿಸಬೇಕು. ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಮತ್ತು ಪರಿಷ್ಕೃತ ಸಂಪುಟಗಳ ಶಾಸನಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಪಟ್ಟಿಯೊಂದು ಎಲ್ಲರಿಗೂ ಜಾಲದಲ್ಲಿ ಒಂದೇ ಕಡೆ ಸಿಗುವಂತಾಗಬೇಕು. ಇದಕ್ಕೆ ಹೆಚ್ಚಿನ ಹಣವೇನೂ ಬೇಕಿಲ್ಲ. ಶಾಸನಗಳನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ಮಾರ್ಗದರ್ಶನದಲ್ಲಿ ಈ ಕೆಲಸ ಆರಂಭವಾಗಲಿ ಎಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

ಇತಿ,
ಇತಿಹಾಸ ಅಧ್ಯಾಪಕಿ, ಹಾಸನ